"ಹಾಗ್ ಮಾಡಿದ್ದಿದ್ರೆ..." ಅನ್ನೋ ಹಳಹಳಿ: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್ರೂ ಅಲ್ಲ. 2018ರಲ್ಲಿ ನಮ್ಮಪ್ಪ ಹೋದ್ರು. ಆವತ್ತು ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ಅವರ ಕಾಲ್ ಬಂದಿತ್ತು, ನಾನು ಆಫೀಸಲ್ಲಿ ಮೀಟಿಂಗಲ್ಲಿದ್ದೆ, ಕಟ್ ಮಾಡ್ದೆ, ಊಟ ಆದ್ಮೇಲೆ ಮಾಡೋಣ ಅಂದ್ಕೊಂಡೆ, ಮರ್ತೇ ಹೋಯ್ತು. ರಾತ್ರಿ ಒಂಬತ್ತೂವರೆಗೆ ಊರಿಂದ ಪಕ್ಕದ್ಮನೆಯವರು ಫೋನ್ ಮಾಡಿದ್ರು. ಅಷ್ಟೇ. ಅಲ್ಲಿಂದ ಒಂದೆರಡು ವರ್ಷ ನಾನು ಬದುಕಿದ್ದು ಆ ಒಂದು ಮಿಸ್ಡ್ ಕಾಲ್ ಒಳಗೇನೇ. ಆಮೇಲೆ ಓದ್ದೆ, ಒಬ್ಬರು ಕೌನ್ಸೆಲರ್ ಹತ್ರ ಹೋದೆ, ನಿಧಾನಕ್ಕೆ ಸರಿ ಹೋದೆ. ಈಗ ಯಾರಾದ್ರೂ ಹೀಗೆ ಒದ್ದಾಡ್ತಿದ್ರೆ ಅವರ ಮನೆಯವರು "ಸ್ವಲ್ಪ ನೀನೇ ಮಾತಾಡಪ್ಪ" ಅಂತ ನಂಗೆ ಫೋನ್ ಕೊಡ್ತಾರೆ, ಎಲ್ಲರೂ ಹೆಚ್ಚೂಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದ್ಕಡೆ ಬರ್ದಿಟ್ಟಿದೀನಿ. ಮನೆಯವರನ್ನ ಕಳ್ಕೊಂಡವರ ವಿಷಯನೇ ಜಾಸ್ತಿ ಇರತ್ತೆ, ನಂಗೆ ಗೊತ್ತಿರೋದು ಅದೇ.

ಪಶ್ಚಾತ್ತಾಪ, ಕೊರಗು, ಹಳಹಳಿ, ಎಲ್ಲ ಒಂದೇ ಅಲ್ವಾ?

ಅಲ್ಲ, ನಮ್ಮ ಭಾಷೆಲಿ ಇಷ್ಟು ಪದ ಇರೋದು ಸುಮ್ನೆ ಅಲ್ಲ. ಪಶ್ಚಾತ್ತಾಪ ಅಂದ್ರೆ ತಪ್ಪು ಮಾಡಿದೀನಿ ಅಂತ ಗೊತ್ತಾಗಿ ಸುಡೋದು. ಹಳಹಳಿ ಅಂದ್ರೆ ಬೇರೆ ಥರ ಆಗ್ಬಹುದಿತ್ತಲ್ಲ ಅಂತ ಒಳಗೊಳಗೇ ಪೇಚಾಡೋದು, ಅದಕ್ಕೆ ತಪ್ಪು ಮಾಡಿರ್ಲೇಬೇಕು ಅಂತಿಲ್ಲ. ಕೊರಗು ಅಂದ್ರೆ ಅದು ಹಳೇದಾಗಿ ಮೈಗೆ ಹತ್ಕೊಂಡ ಮೇಲೆ ಇರೋ ಸ್ಥಿತಿ, ಮನುಷ್ಯ ಕೊರಗಿ ಕೊರಗಿ ಸಣ್ಣ ಆದ ಅಂತೀವಲ್ಲ, ಅದು. ಇದನ್ನ ಬೇರೆ ಮಾಡಿ ನೋಡ್ಲೇಬೇಕು ಯಾಕಂದ್ರೆ ಒಂದೊಂದಕ್ಕೂ ಮಾಡ್ಬೇಕಾದ ಕೆಲಸ ಬೇರೆ. ಪಶ್ಚಾತ್ತಾಪ ಇದ್ರೆ ಸರಿ ಮಾಡೋಕೆ ಏನಾದ್ರೂ ಇರತ್ತೆ. ಹಳಹಳಿಗೆ ಸರಿ ಮಾಡೋಕೆ ಏನೂ ಇರಲ್ಲ, ಆದ್ರೂ ನಾವು ಅದನ್ನ ಪಶ್ಚಾತ್ತಾಪ ಅಂದ್ಕೊಂಡು ನಮಗೆ ನಾವೇ ಶಿಕ್ಷೆ ಕೊಟ್ಕೋತಾ ಇರ್ತೀವಿ. ನಾನು ಮಾಡಿದ್ದು ಅದೇನೇ.

ಮಾಡಿದ್ದಕ್ಕಿಂತ ಮಾಡ್ದೇ ಇದ್ದಿದ್ದು ಯಾಕೆ ಇಷ್ಟು ವರ್ಷ ಕಾಡತ್ತೆ?

ಇದು ನಿಮಗೊಬ್ಬರಿಗೇ ಅಲ್ಲ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞರು ಥಾಮಸ್ ಗಿಲೋವಿಚ್ ಮತ್ತೆ ವಿಕ್ಟೋರಿಯಾ ಮೆಡ್ವೆಕ್ 1994ರಲ್ಲಿ ಇದ್ರ ಬಗ್ಗೆ ಬರ್ದಿದಾರೆ, ಹೊಸದ್ರಲ್ಲಿ ಮಾಡಿದ ಕೆಲಸ ಜಾಸ್ತಿ ಚುಚ್ಚತ್ತೆ, ಆದ್ರೆ ವರ್ಷಗಳು ಕಳೆದ ಮೇಲೆ ಹಿಂದಿರುಗಿ ನೋಡಿದ್ರೆ ಜನಕ್ಕೆ ಕಾಡೋದು ಮಾಡ್ದೇ ಬಿಟ್ಟಿದ್ದು ಅಂತ. ಕಾರಣ ಯೋಚನೆ ಮಾಡಿದ್ರೆ ಸಿಂಪಲ್ಲು. ಮಾಡಿದ ಕೆಲಸಕ್ಕೆ ಒಂದು ಕೊನೆ ಇರತ್ತೆ, ಜಗಳ ಆಡಿದ್ರೆ ಆಡಿದೀವಿ, ಇಷ್ಟೇ ಆಯ್ತು ಅಂತ ಗೊತ್ತು. ಮಾಡ್ದೇ ಇದ್ದಿದ್ದಕ್ಕೆ ಕೊನೆನೇ ಇಲ್ಲ, ಫೋನ್ ಎತ್ತಿದ್ದಿದ್ರೆ ಏನೇನೆಲ್ಲ ಆಗ್ತಿತ್ತು ಅಂತ ಎಷ್ಟು ಬೇಕಾದ್ರೂ ಕಟ್ಕೋಬಹುದು, ಎತ್ತಿದ್ದಿದ್ರೆ ಅಪ್ಪ ಎದೆ ನೋವು ಅಂತಿದ್ರು, ನಾನು ಹಾಸನಕ್ಕೆ ಕರ್ಕೊಂಡು ಹೋಗಿ ಅಂತಿದ್ದೆ, ಅವರು ಇವತ್ತು ಮೊಮ್ಮಗಳ ಜೊತೆ ಆಡ್ತಿದ್ರು, ಹೀಗೆ ಸಿನಿಮಾ ಓಡ್ತಾನೇ ಇರತ್ತೆ. ಗಮನಿಸಿ ನೋಡಿ, ಆ "ಇದ್ದಿದ್ರೆ" ಸಿನಿಮಾದಲ್ಲಿ ಟ್ರಾಫಿಕ್ ಇರಲ್ಲ, ಆಂಬುಲೆನ್ಸ್ ಲೇಟಾಗಲ್ಲ, ಅಪ್ಪ "ಗ್ಯಾಸ್ಟ್ರಿಕ್ಕು ಕಣೋ, ಏನಿಲ್ಲ" ಅಂತ ಹಠ ಮಾಡಲ್ಲ. ನಮ್ಮಪ್ಪ ಖಂಡಿತ ಮಾಡ್ತಿದ್ರು.

ಒಂದೈದು ನಿಮಿಷ ಮುಂಚೆ ಹೋಗಿದ್ದಿದ್ರೆ ಸಾಕಿತ್ತು. ಸ್ವಲ್ಪದ್ರಲ್ಲಿ ತಪ್ಪಿದ್ದು ಯಾಕೆ ಅಷ್ಟು ಉರಿಯತ್ತೆ?

ಮೆಜೆಸ್ಟಿಕ್ಕಲ್ಲಿ ಬಸ್ಸು ಅರ್ಧ ಗಂಟೆ ಹಿಂದೆನೇ ಹೋಯ್ತು ಅಂದ್ರೆ ಕಾಫಿ ಕುಡಿಯಕ್ಕೆ ಹೋಗ್ತೀವಿ, ಅದೇ ಬಸ್ಸು ಕಣ್ಣೆದುರಿಗೇ ಹೊರಟ್ರೆ ಮಾತ್ರ ಹೊಟ್ಟೆ ಉರಿಯತ್ತೆ, ನಷ್ಟ ಎರಡರಲ್ಲೂ ಒಂದೇ. ಕಾಹ್ನೆಮನ್ ಮತ್ತೆ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1982ರಲ್ಲಿ ಬರೆದ ಉದಾಹರಣೆನೂ ಇಂಥದ್ದೇ, ಇಬ್ಬರು ಏರ್‌ಪೋರ್ಟಿಗೆ ಅರ್ಧ ಗಂಟೆ ಲೇಟು, ಒಬ್ಬನ ವಿಮಾನ ಟೈಮಿಗೆ ಸರಿಯಾಗಿ ಹೋಗಿದೆ, ಇನ್ನೊಬ್ಬಂದು ತಡವಾಗಿ ಐದೇ ನಿಮಿಷದ ಹಿಂದೆ ಹೋಗಿದೆ, ಯಾರಿಗೆ ಜಾಸ್ತಿ ಬೇಜಾರು ಅಂದ್ರೆ ಹೆಚ್ಚೂಕಮ್ಮಿ ಎಲ್ಲರೂ ಎರಡನೆಯವನು ಅಂದ್ರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ವಿಡಿಯೋ ತೋರ್ಸಿದಾಗ್ಲೂ ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಖುಷಿಯಾಗಿ ಕಾಣ್ಸಿದ್ರು, ಬೆಳ್ಳಿಯವರ ಕಣ್ಣು ಚಿನ್ನದ ಮೇಲೆ, ಕಂಚಿನವರಿಗೆ ಪದಕನೇ ಇಲ್ದೇ ಹೋಗ್ಬಹುದಿತ್ತು ಅನ್ನೋ ಸಮಾಧಾನ. ಅಂದ್ರೆ ನೋವು ಎಷ್ಟು ದೊಡ್ಡದು ಅನ್ನೋದನ್ನ ನೋಡ್ಕೊಂಡು ನಮ್ಮ ತಪ್ಪೂ ಅಷ್ಟೇ ದೊಡ್ಡದು ಅಂತ ಲೆಕ್ಕ ಹಾಕೋಕಾಗಲ್ಲ. ಐದು ನಿಮಿಷ ಅಂತ ಜಾಸ್ತಿ ಉರಿಯತ್ತೆ, ಅದು ಮನಸ್ಸಿನ ಚಾಳಿ, ಅದಕ್ಕೂ ತೀರ್ಪಿಗೂ ಸಂಬಂಧ ಇಲ್ಲ.

ಆದ್ರೆ ನಂಗೆ ಆವತ್ತೇ ಗೊತ್ತಾಗ್ಬೇಕಿತ್ತಲ್ವಾ? ಸೂಚನೆ ಎಲ್ಲ ಕಣ್ಮುಂದೆನೇ ಇತ್ತು.

ಈ ಪ್ರಶ್ನೆನೇ ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ಉದ್ದ ಆಗತ್ತೆ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಅಂತ ಗಾದೆ ಇದೆಯಲ್ಲ, ನಾವು ಏನ್ಮಾಡ್ತೀವಿ ಅಂದ್ರೆ ಅಟ್ಟ ಮೇಲೆ ಉರಿದ ಒಲೆ ಬೆಳಕಲ್ಲಿ ನಿಂತ್ಕೊಂಡು, ಅವತ್ತೂ ಇಷ್ಟೇ ಬೆಳಕಿತ್ತು ಅಂತ ವಾದ ಮಾಡ್ತೀವಿ. ಬರೂಕ್ ಫಿಶ್‌ಹಾಫ್ ಅನ್ನೋ ಮನಶ್ಶಾಸ್ತ್ರಜ್ಞರು 1975ರಲ್ಲಿ ಇದನ್ನ ತೋರ್ಸಿದಾರೆ. 1814ರ ಬ್ರಿಟಿಷರು ಮತ್ತೆ ಗೂರ್ಖರ ಯುದ್ಧದ ಕಥೆನ ಜನಕ್ಕೆ ಓದೋಕೆ ಕೊಟ್ಟು, ಕೆಲವರಿಗೆ ಬ್ರಿಟಿಷರು ಗೆದ್ರು ಅಂತ, ಕೆಲವರಿಗೆ ಗೂರ್ಖರು ಗೆದ್ರು ಅಂತ, ಹೀಗೆ ಬೇರೆ ಬೇರೆ ಕೊನೆ ಹೇಳಿದ್ರು. ಯಾವ ಕೊನೆ ಹೇಳಿದಾರೋ ಅದೇ ಆಗೋದು ಜಾಸ್ತಿ ಇತ್ತು ಅಂತ ಅನ್ಸೋಕೆ ಶುರುವಾಯ್ತು ಓದಿದವರಿಗೆ. ಕೊನೆ ಗೊತ್ತಾದ ಕೂಡ್ಲೇ ಹಿಂದಿನದೆಲ್ಲ ಸೂಚನೆ ಥರ ಕಾಣತ್ತೆ.

ನಂದೇ ಹೇಳ್ತೀನಿ. ಅಪ್ಪ ಯಾವತ್ತೂ ಬೆಳಿಗ್ಗೆ ಹೊತ್ತಲ್ಲಿ ಫೋನ್ ಮಾಡೋರಲ್ಲ, ಸಂಜೆ ಏಳರ ಮೇಲೇನೇ. ಅದಕ್ಕೆ ನಾನು ತೀರ್ಮಾನನೇ ಮಾಡ್ಬಿಟ್ಟಿದ್ದೆ, ಎದೆ ನೋವು ಶುರುವಾಗಿ, ಹೆದರ್ಕೊಂಡು ನಂಗೆ ಮಾಡಿದಾರೆ, ನಾನು ಕಟ್ ಮಾಡ್ದೆ ಅಂತ. ಯಾರಿಗೂ ಹೇಳ್ಲಿಲ್ಲ. ಅಮ್ಮಂಗಂತೂ ಹೇಳೋ ಧೈರ್ಯನೇ ಇರ್ಲಿಲ್ಲ. ವರ್ಷದ ತಿಥಿಗೆ ಊರಿಗೆ ಹೋಗಿದ್ದೆ, ಹಿಂದಿನ ದಿನ ಅಮ್ಮ ತುರಿಮಣೆ ಮೇಲೆ ಕೂತು ಕಾಯಿ ತುರೀತಾ ಇದ್ರು, ನಾನು ಅಲ್ಲೇ ಬಾಗ್ಲಲ್ಲಿ ಕೂತು ಹೇಳ್ದೆ, ಅಪ್ಪ ಅವತ್ತು ಫೋನ್ ಮಾಡಿದ್ರು ಅಮ್ಮ, ನಾನು ಎತ್ತಲಿಲ್ಲ ಅಂತ. ಅಮ್ಮ ತುರಿಯೋದನ್ನ ನಿಲ್ಸೂ ಇಲ್ಲ. "ಅದಾ? ಮೇಲಿನ್ಮನೆ ಹುಡ್ಗ ಕಾರಲ್ಲಿ ಬೆಂಗ್ಳೂರಿಗೆ ಹೊರಟಿದ್ದ, ಕಾಯಿ ಕಳಿಸ್ಲಾ ಅಂತ ಕೇಳಕ್ಕೆ ಮಾಡಿದ್ರು. ನೀನು ಎತ್ತಲಿಲ್ಲ ಅಂತ ಕಳಿಸ್ಲಿಲ್ಲ" ಅಂದ್ರು. ಆಮೇಲೆ ಸಂಜೆ ತೋಟಕ್ಕೆ ಹೋಗಿ ಬಂದಿದಾರೆ, ಊಟಾನೂ ಮಾಡಿದಾರೆ.

ಒಂದು ವರ್ಷ, ಒಂದು ಚೀಲ ತೆಂಗಿನಕಾಯಿನ ನಾನು ಪ್ರಾಣಭಿಕ್ಷೆ ಅಂದ್ಕೊಂಡು ಓಡಾಡಿದೀನಿ.

ಎಲ್ಲರಿಗೂ ಹೀಗೆ ಉತ್ತರ ಸಿಗಲ್ಲ, ಗೊತ್ತು. ಆದ್ರೆ ಇಷ್ಟಂತೂ ಮಾಡ್ಬಹುದು: ಒಂದು ಹಾಳೆ ತಗೊಂಡು, ಆ ದಿನ ಆ ಹೊತ್ತಲ್ಲಿ ನಿಮಗೆ ನಿಜವಾಗ್ಲೂ ಏನೇನು ಗೊತ್ತಿತ್ತು ಅನ್ನೋದನ್ನ ಮಾತ್ರ ಬರೀರಿ, ಆಮೇಲೆ ಗೊತ್ತಾಗಿದ್ದು ಒಂದಕ್ಷರನೂ ಬೇಡ. ನಂದು ಬರೆದಾಗ ಮೂರೇ ಸಾಲು ಆಯ್ತು. ಅಪ್ಪನ ಕಾಲ್ ಬಂತು. ಮೀಟಿಂಗಲ್ಲಿದ್ದೆ. ಹೋದ ಭಾನುವಾರ ಮಾತಾಡಿದಾಗ ಚೆನ್ನಾಗೇ ಇದ್ರು.

ಹಾಗಾದ್ರೆ ನಂದೇನೂ ತಪ್ಪೇ ಇಲ್ಲ ಅಂತಾನಾ?

ಹಾಗೂ ಅಲ್ಲ. "ನಿಂದೇನೂ ತಪ್ಪಿಲ್ಲ" ಅಂತ ಎಲ್ಲರೂ ಹೇಳಿದ್ರೂ ನಮ್ಮ ಮನಸ್ಸು ಒಪ್ಪಲ್ಲ, ಯಾಕಂದ್ರೆ ಎಲ್ಲೋ ಒಂದು ಪಾಲು ನಮ್ದು ಇರತ್ತೆ, ಅದು ನಮಗೆ ಗೊತ್ತಿರತ್ತೆ. ಆ ಪಾಲನ್ನ ಬೇರೆ ಮಾಡಿ ಅಳೀಬೇಕು. ಆ ಕಾಲ್ ವಿಷಯದಲ್ಲಿ ನಂದು ತಪ್ಪಿಲ್ಲ. ಆದ್ರೆ ಅದಕ್ಕೆ ಮುಂಚೆ ಆರು ತಿಂಗಳಿಂದ ಅಪ್ಪ ಮೆಟ್ಲು ಹತ್ತಿದ್ರೆ ಏದುಸಿರು ಬಿಡ್ತಿದ್ರು, ಬೆಂಗ್ಳೂರಿಗೆ ಕರ್ಕೊಂಡು ಬಂದು ತೋರಿಸ್ಬೇಕು ಅಂತ ನಾನೇ ಹೇಳ್ತಿದ್ದೆ, ಅರಸೀಕೆರೆಯಿಂದ ಮೂರು ಗಂಟೆ ಟ್ರೈನು, ಯುಗಾದಿ ಆಗ್ಲಿ ಅಂದೆ, ಪ್ರಾಜೆಕ್ಟ್ ಮುಗೀಲಿ ಅಂದೆ. ಅದು ನನ್ನ ಪಾಲು. ಕೌನ್ಸೆಲರ್ ಹತ್ರ ಇದನ್ನ ಹೇಳಿದಾಗ ಅವರು "ಅಯ್ಯೋ ಹಂಗೆಲ್ಲ ಅನ್ಕೋಬೇಡಿ" ಅನ್ಲಿಲ್ಲ, "ಹೌದು, ಅದು ಮಾಡ್ಬಹುದಿತ್ತು" ಅಂದ್ರು. ನಂಬ್ತೀರೋ ಇಲ್ವೋ, ಹಗುರ ಆಗಿದ್ದು ಅವಾಗ್ಲೇನೇ. ಬೆಟ್ಟದಷ್ಟಿದ್ದಿದ್ದು ಒಂದು ಕಲ್ಲಾಯ್ತು, ಕಲ್ಲಾದ್ರೆ ಎತ್ಕೋಬಹುದು.

ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಅದೇ ರೀಲ್ ಓಡತ್ತೆ. ಏನ್ಮಾಡ್ಲಿ?

ಮೊದ್ಲು ಫೋನ್ ಮುಟ್ಬೇಡಿ, ಹಳೇ ಫೋಟೋ, ಹಳೇ ವಾಟ್ಸಾಪ್ ವಾಯ್ಸ್ ಮೆಸೇಜು ಅಂತೂ ಆ ಹೊತ್ತಲ್ಲಿ ಬೇಡವೇ ಬೇಡ. ಹಾಸಿಗೆ ಬಿಟ್ಟು ಎದ್ದು ಬೇರೆ ಕಡೆ ಕೂತ್ಕೊಳಿ, ನೀರು ಕುಡೀರಿ, ನಿದ್ದೆ ಬಂದಾಗ ಮಾತ್ರ ವಾಪಸ್ ಬನ್ನಿ. "ಯೋಚನೆ ಮಾಡ್ಬಾರ್ದು" ಅಂತ ಅದುಮೋಕೆ ಹೋದ್ರೆ ಇನ್ನೂ ಜೋರಾಗಿ ಬರತ್ತೆ. ಅದ್ರ ಬದ್ಲು ದಿನಕ್ಕೊಂದು ಟೈಮ್ ಕೊಟ್ಬಿಡಿ, ಸಂಜೆ ಆರರಿಂದ ಆರೂ ಕಾಲು ಅಂತ. ಉಳಿದ ಹೊತ್ತಲ್ಲಿ ಬಂದ್ರೆ "ಸಂಜೆ ಬಾ" ಅಂತ ಕಳಿಸೋದು, ಸಾಲ ವಸೂಲಿಗೆ ಬಂದವರನ್ನ ಕಳಿಸ್ತೀವಲ್ಲ ಹಂಗೆ. ಕೇಳೋಕೆ ಹುಚ್ಚು ಅನ್ಸತ್ತೆ, ನಂಗೂ ಅನ್ಸಿತ್ತು, ಎರಡು ವಾರ ಬೇಕಾಯ್ತು.

ಇನ್ನೊಂದು, ಅದು ಯೋಚನೆನಾ ಅಥವಾ ಬರೀ ಮೆಲುಕಾ ಅಂತ ಕೇಳ್ಕೊಳಿ. ಯೋಚನೆ ಆದ್ರೆ ಏನಾದ್ರೂ ಹೊಸದು ಹೊರಗೆ ಬರತ್ತೆ. ಮೆಲುಕು ಅಂದ್ರೆ ನೂರನೇ ಸಲನೂ ಅದೇ ಹುಲ್ಲು.

ಬರೆದ್ರೆ ಒಳ್ಳೇದು ಅಂತಾರೆ, ನಿಜಾನಾ?

ನಿಜ, ಆದ್ರೆ ಡೈರಿ ಥರ ಅಲ್ಲ. ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರದ್ದು 1986ರ ಪ್ರಯೋಗ ಇದೆ, ಕಾಲೇಜು ಹುಡುಗ್ರು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮಗೆ ತುಂಬ ನೋವಾದ ವಿಷಯ ಬರೆದ್ರು, ನಡೆದಿದ್ದನ್ನೂ ಅದ್ರ ಬಗ್ಗೆ ಅನ್ಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆ ಕಡೆ ಹೋಗಿದ್ದು ಕಮ್ಮಿ ಆಯ್ತು. ಬರೆದ ತಕ್ಷಣ ಮಾತ್ರ ಬೇಜಾರು ಜಾಸ್ತಿನೇ ಆಗತ್ತೆ, ಅದು ಗೊತ್ತಿರ್ಲಿ, ಮೊದಲನೇ ದಿನವೇ ಬಿಡ್ಬೇಡಿ. ಕಾಗುಣಿತ ತಪ್ಪಾದ್ರೆ ಆಗ್ಲಿ, ಯಾರಿಗೂ ತೋರಿಸ್ಬೇಡಿ, ಬೇಕಾದ್ರೆ ಹರಿದು ಒಲೆಗೆ ಹಾಕಿ. ಬರೆಯೋದ್ರಿಂದ ತಲೆ ಇನ್ನೂ ಕೆಡ್ತಿದೆ ಅನ್ಸಿದ್ರೆ ನಿಲ್ಲಿಸಿ, ಎಲ್ಲರಿಗೂ ಒಗ್ಗಲ್ಲ.

ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ, ಆ ಮನುಷ್ಯ ಇನ್ನೂ ಬದುಕಿದಾರೆ. ಈಗ ಹೋಗಿ ಏನು ಹೇಳ್ಲಿ?

ಬದುಕಿದಾರೆ ಅಂದ್ರೆ ನೀವು ಪುಣ್ಯವಂತ್ರು, ಇವತ್ತೇ ಹೋಗಿ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅಂತ ಗಾದೆ ಹೇಳ್ಕೊಂಡು ಮನೇಲಿ ಕೂರ್ಬೇಡಿ. ಕ್ಷಮೆ ಕೇಳೋವಾಗ ಒಂದೇ ರೂಲು, "ಆದ್ರೆ" ಅನ್ನೋ ಪದ ಬರ್ಬಾರ್ದು. "ತಪ್ಪಾಯ್ತು, ಆದ್ರೆ ನೀನೂ ಅವತ್ತು..." ಅಂದ್ರೆ ಅದು ಕ್ಷಮೆ ಅಲ್ಲ, ಜಗಳದ ಎರಡನೇ ಭಾಗ. ಏನು ಅಂದ್ರಿ ಅನ್ನೋದನ್ನ ಹೆಸರಿಟ್ಟು ಹೇಳಿ, "ಅವತ್ತು ಮದ್ವೆ ಮನೇಲಿ ಎಲ್ಲರ ಮುಂದೆ ನಿಂಗೆ ಹಂಗಂದೆ ಅಕ್ಕ, ಅನ್ಬಾರ್ದಿತ್ತು" ಅಂತ. ನಮ್ಮ ಕಡೆ ಗಂಡಸರಿಗೆ ಇದು ಬಾಯಲ್ಲಿ ಬರೋದೇ ಇಲ್ಲ, ಒಂದು ಡಜನ್ ಬಾಳೆಹಣ್ಣು ಹಿಡ್ಕೊಂಡು ಹೋಗಿ ಹವಾಮಾನದ ಬಗ್ಗೆ ಮಾತಾಡಿ ವಾಪಸ್ ಬರ್ತಾರೆ. ಅದೂ ಪರವಾಗಿಲ್ಲ, ಆದ್ರೆ ಬಾಗ್ಲಲ್ಲಿ ಚಪ್ಲಿ ಹಾಕ್ಕೊಳೋವಾಗಾದ್ರೂ ಒಂದು ಮಾತು ಹೇಳಿ. ಅವರು ಕ್ಷಮಿಸ್ದೇ ಇರ್ಬಹುದು, ಅದು ಅವರ ಹಕ್ಕು, ಮೇಲಿಂದ ಮೇಲೆ ಹೋಗಿ ಪೀಡಿಸ್ಬಾರ್ದು.

ಹೋದವರ ಹತ್ರ ಹೇಗೆ ಕ್ಷಮೆ ಕೇಳೋದು?

ನಾನು ದೊಡ್ಡ ದೈವಭಕ್ತ ಅಲ್ಲ, ಆದ್ರೆ ನಮ್ಮ ಹಿರಿಯರು ಇದಕ್ಕೆ ಒಂದು ಜಾಗ ಮಾಡಿಟ್ಟಿದಾರೆ ಅಂತ ಈಗ ಅನ್ಸತ್ತೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡ್ತೀವಲ್ಲ, ಅವರಿಗೆ ಇಷ್ಟವಾಗಿದ್ದನ್ನೇ ಮಾಡಿ ಎಲೆ ಹಾಕಿ, ಸ್ವಲ್ಪ ಹೊತ್ತು ಬಾಗ್ಲು ಮುಂದೆ ಮಾಡಿ ಹೊರಗೆ ಬರ್ತೀವಿ. ಅಮ್ಮ ಆ ಬಾಗ್ಲು ಮುಂದೆ ಮಾಡೋ ಮುಂಚೆ ಜೋರಾಗೇ ಮಾತಾಡ್ತಾರೆ, "ನೋಡ್ರೀ, ಬದನೆಕಾಯಿ ಗೊಜ್ಜು ಮಾಡಿದೀನಿ, ಉಪ್ಪು ಕಮ್ಮಿ ಹಾಕಿದೀನಿ ನಿಮ್ಮ ಬಿಪಿಗೆ" ಅಂತ. ಎರಡನೇ ವರ್ಷ ನಾನೂ ಹೇಳ್ದೆ, ಟ್ರೈನ್ ಟಿಕೆಟ್ ಬುಕ್ ಮಾಡ್ಬೇಕಿತ್ತು, ಮಾಡ್ಲಿಲ್ಲಪ್ಪ, ಅಂತ. ಹೆಂಡತಿ ಮಕ್ಕಳೆಲ್ಲ ಹಿಂದೆ ನಿಂತಿದ್ರು, ಯಾರೂ ಏನೂ ಅನ್ಲಿಲ್ಲ. ಇದ್ರಲ್ಲಿ ನಂಬಿಕೆ ಇಲ್ದೋರು ಒಂದು ಕಾಗ್ದ ಬರೀರಿ, ಖಾಲಿ ಕುರ್ಚಿ ಮುಂದೆ ಕೂತು ಮಾತಾಡಿ, ಕೌನ್ಸೆಲರ್‌ಗಳೂ ಇಂಥದ್ದನ್ನ ಮಾಡ್ಸ್ತಾರೆ. ಮಾತು ಬಾಯಿಂದ ಹೊರಗೆ ಬರ್ಬೇಕು ಅಷ್ಟೇ.

ಎಲ್ಲರೂ "ಹಣೆಬರಹ, ಆಗಿದ್ದು ಆಯ್ತು ಬಿಡು" ಅಂತಾರೆ. ಕೇಳಿದ್ರೆ ಮೈ ಉರಿಯತ್ತೆ.

ಉರಿಯತ್ತೆ, ನಿಜ. ಹನ್ನೊಂದನೇ ದಿನದ ಊಟದ ಪಂಕ್ತಿಲಿ ಪಾಯಸ ಬಡಿಸ್ಕೊಳ್ತಾ ಇದನ್ನ ಹೇಳಿದವರನ್ನ ನಾನು ಇನ್ನೂ ಮರ್ತಿಲ್ಲ. ಆದ್ರೆ ಅವರಿಗೆ ಬೇರೆ ಮಾತು ಬರಲ್ಲ, ಅಷ್ಟೇ ವಿಷಯ. ಆ ಮಾತು ಬೇಕಾಗಿರೋ ಹೊತ್ತೂ ಒಂದು ಬರತ್ತೆ, ಆದ್ರೆ ಅದನ್ನ ನಾವೇ ಹೇಳ್ಕೋಬೇಕು.

ಸೈಟು ಮಾರ್ಬಿಟ್ವಿ, ಈಗ ಹತ್ತು ಪಟ್ಟು ಆಗಿದೆ / ಬೇಡದ ಕೋರ್ಸ್ ತಗೊಂಡೆ. ಇದಕ್ಕೂ ಇದೇನಾ ಮದ್ದು?

ಬೆಂಗ್ಳೂರಲ್ಲಿ ಸೈಟು ಮಾರ್ಕೊಂಡು ಹಳಹಳಿಸ್ದೇ ಇರೋ ಕುಟುಂಬ ತೋರ್ಸಿ ನೋಡೋಣ. ಮದ್ದು ಅದೇ, ಮಾರಿದ ದಿನ ಏನು ಗೊತ್ತಿತ್ತು, ದುಡ್ಡು ಯಾಕೆ ಬೇಕಿತ್ತು ಅಂತ ಬರೀರಿ. ಅಕ್ಕನ ಮದ್ವೆಗೋ ಅಪ್ಪನ ಆಪರೇಷನ್ನಿಗೋ ಬೇಕಿತ್ತು ಅಂದ್ರೆ ಸೈಟು ಹೋಗಿದ್ದು ಎಲ್ಲಿಗೆ ಅಂತ ಗೊತ್ತಾಗತ್ತೆ. ಕೋರ್ಸ್ ವಿಷಯ ಹೇಳೋದಾದ್ರೆ, ಹದಿನೇಳು ವರ್ಷದ ಹುಡುಗ ಸಿಇಟಿ ರ್‍ಯಾಂಕ್ ಹಿಡ್ಕೊಂಡು, ಮನೆಯವರೆಲ್ಲ ಸುತ್ತ ನಿಂತು "ಕಂಪ್ಯೂಟರ್ ಸೈನ್ಸೇ ತಗೋ" ಅಂತಿರೋವಾಗ ತಗೊಂಡ ತೀರ್ಮಾನಕ್ಕೆ ನಲವತ್ತು ವರ್ಷದವರು ಬಂದು ಬೈಯೋದು ನ್ಯಾಯ ಅಲ್ಲ. ಇಷ್ಟೇ ಹೇಳ್ತೀನಿ ಇದ್ರ ಬಗ್ಗೆ.

ಈ ಹಳಹಳಿಯಿಂದ ಏನಾದ್ರೂ ಉಪಯೋಗ ಇದ್ಯಾ?

ಇದೆ, ಕೆಲಸಕ್ಕೆ ಹಚ್ಚಿದ್ರೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದಾಗ ನೆನಪಿದ್ಯಲ್ಲ, ಇಡೀ ರಾಜ್ಯಾನೇ ಹಾಗಾಗಿದ್ದಿದ್ರೆ ಹೀಗಾಗಿದ್ದಿದ್ರೆ ಅಂತ ಅತ್ತಿತ್ತು, ಆದ್ರೆ ಅದೇ ವಾರ ಜಯದೇವ ಆಸ್ಪತ್ರೆ ಮುಂದೆ ಎದೆ ಚೆಕಪ್ಪಿಗೆ ಜನ ಕ್ಯೂ ನಿಂತ್ರು. ಆಮೇಲೆ ಅವರದ್ದೇ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು, ತಾಲ್ಲೂಕು ಆಸ್ಪತ್ರೆಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಗೊತ್ತಾದ್ರೆ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಫ್ರೀಯಾಗಿ ಕೊಡೋದು. ನಾನೂ ನನ್ನ ಪಾಲಿನ ಕಲ್ಲನ್ನ ಎತ್ಕೊಂಡು ಹೋಗಿದ್ದು ಜಯದೇವಕ್ಕೇನೇ, ಅಮ್ಮನ್ನ ಕರ್ಕೊಂಡು. ದಾರಿ ಉದ್ದಕ್ಕೂ ಬೈದ್ರು, "ನಂಗೇನಾಗಿದೆ, ಗುಂಡುಕಲ್ಲಿನಂಗೆ ಇದೀನಿ" ಅಂತ. ಏನೂ ಆಗಿರ್ಲಿಲ್ಲ, ಶುಗರ್ ಸ್ವಲ್ಪ ಜಾಸ್ತಿ ಇತ್ತು ಅಷ್ಟೇ. ಈಗ ವರ್ಷಕ್ಕೊಂದ್ಸಲ ಹೋಗ್ತೀವಿ, ಬರೋವಾಗ ಮಸಾಲೆ ದೋಸೆ ಕೊಡಿಸ್ಬೇಕು ಅನ್ನೋದು ಅವರ ಕಂಡೀಷನ್ನು.

ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು?

ನಿದ್ದೆ, ಊಟ, ಕೆಲಸ, ಈ ಮೂರರಲ್ಲಿ ಯಾವುದಾದ್ರೂ ಎರಡು ಕೆಟ್ಟು ವಾರಗಟ್ಟಲೆ ಹಾಗೇ ಇದ್ರೆ ಹೋಗಿ. ಕುಡಿತ ಜಾಸ್ತಿ ಆಗಿದ್ರೆ ಹೋಗಿ. ನಾನೇ ಇರ್ಬಾರ್ದು ಅಂತ ಒಂದೇ ಒಂದ್ಸಲ ಅನ್ಸಿದ್ರೂ ಕಾಯ್ಬೇಡಿ, ಅವತ್ತೇ ಹತ್ತಿರದವರಿಗೆ ಯಾರಿಗಾದ್ರೂ ಬಾಯಿಬಿಟ್ಟು ಹೇಳಿ, ಒಬ್ಬರೇ ಇರ್ಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡ್ಬಹುದು, 2022ರ ಅಕ್ಟೋಬರಲ್ಲಿ ಶುರುವಾಯ್ತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಗೆ ಬೇಕಿದ್ದ ಹೊತ್ತಲ್ಲಿ ಇದಿರ್ಲಿಲ್ಲ. ಸಾವಿನ ದುಃಖ ತಿಂಗಳುಗಟ್ಟಲೆ ಸ್ವಲ್ಪನೂ ಇಳೀದೆ ದಿನದ ಬದುಕನ್ನೇ ನಿಲ್ಸ್‌ಬಿಟ್ರೆ ಡಾಕ್ಟರ್‌ಗಳು ಈಗ ಅದಕ್ಕೆ ಬೇರೆ ಹೆಸರೇ ಇಟ್ಟು ಚಿಕಿತ್ಸೆ ಕೊಡ್ತಾರೆ, ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಲಿ ಆರು ತಿಂಗಳ ಗಡಿ, ಅಮೆರಿಕದವರದ್ದು ದೊಡ್ಡೋರಿಗೆ ಒಂದು ವರ್ಷ. ಗಡಿ ದಾಟ್ಲಿ ಅಂತ ಕಾಯೋದೇನೂ ಬೇಡ. "ಹುಚ್ಚಾಸ್ಪತ್ರೆಗೆ ಹೋಗ್ತೀಯಾ" ಅಂತ ಯಾರಾದ್ರೂ ಅಂದ್ರೆ ಹಲ್ಲು ನೋವಿಗೆ ಹಲ್ಲಿನ ಡಾಕ್ಟರ್ ಹತ್ರ ಹೋಗಲ್ವಾ ಅಂತ ಕೇಳಿ.

ಕೊನೇದಾಗಿ, ಇದು ಯಾವತ್ತಾದ್ರೂ ಪೂರ್ತಿ ಹೋಗತ್ತಾ?

ನಂದಂತೂ ಪೂರ್ತಿ ಹೋಗಿಲ್ಲ. ಮೊದ್ಲು ಇಡೀ ದಿನ ಇರ್ತಿತ್ತು, ಆಮೇಲೆ ದಿನಕ್ಕೊಂದ್ಸಲ, ಈಗ ತೆಂಗಿನಕಾಯಿ ಲೋಡ್ ಲಾರಿ ನೋಡಿದಾಗ, ಅಥವಾ ಯಾರಾದ್ರೂ ಎದುರಿಗೆ ಕೂತು ಅಪ್ಪನ ಕಾಲ್ ಕಟ್ ಮಾಡಿದಾಗ. ಅಪ್ಪನ ನಂಬರ್ ಇನ್ನೂ ನನ್ನ ಫೋನಲ್ಲಿದೆ, ಅದು ಈಗ ಬೇರೆ ಯಾರಿಗೋ ಹೋಗಿದೆ, ವಾಟ್ಸಾಪ್ ಡಿಪಿಲಿ ಹೊಸಾ ಟ್ರ್ಯಾಕ್ಟರ್ ಮುಂದೆ ಒಬ್ಬ ಹುಡುಗ ನಿಂತಿದಾನೆ, ಮೇಲೆ ಮಾತ್ರ "ಅಪ್ಪ" ಅಂತಾನೇ ಬರತ್ತೆ. ಡಿಲೀಟ್ ಮಾಡ್ಬೇಕು ಅಂತ ಅನ್ಸಿಲ್ಲ. ಹನ್ನೊಂದೂ ಮುಕ್ಕಾಲಾದ್ರೆ ಇವತ್ತಿಗೂ ಒಂದ್ಸಲ ಫೋನ್ ಕಡೆ ಕಣ್ಣು ಹೋಗತ್ತೆ, ಮೀಟಿಂಗಲ್ಲಿದ್ರೂ ಊರಿಂದ ಬಂದ ಕಾಲ್ ಎತ್ತೇ ಎತ್ತೀನಿ, ಆಫೀಸಲ್ಲಿ ಎಲ್ಲರಿಗೂ ಗೊತ್ತು. ಆದ್ರೆ ಅಮ್ಮ ಆ ಟೈಮಲ್ಲಿ ಯಾವತ್ತೂ ಮಾಡಲ್ಲ, ಅವಾಗ ಹಿಂದಿನ ರಾತ್ರಿಯ ಧಾರಾವಾಹಿ ಮರುಪ್ರಸಾರ ಇರತ್ತೆ.